ನಮ್ಮ ಅತ್ತೆಯ ಮುಂದೆ ಗಾಡಿ ಚಾಲೂ ಮಾಡಬೇಡಿ

ನಿಮಗೊಂದು ಬುದ್ಧಿಮಾತು ಹೇಳುತ್ತೇನೆ, ಬೇಕಾದರೆ ಕೇಳಿ, ಬೇಡವಾದರೆ ಅನುಭವಿಸಿ. ಮಾನ್ವಿಗೆ ಬಂದರೆ ನಿಮ್ಮ ಗಾಡಿಯನ್ನು ಎಲ್ಲಿ ಬೇಕಾದರೂ ನಿಲ್ಲಿಸಿ. ಆದರೆ ನಮ್ಮ ಅತ್ತೆಯ ಕಿವಿಗೆ ಬೀಳುವಷ್ಟು ಹತ್ತಿರದಲ್ಲಿ ಮಾತ್ರ ಅದನ್ನು ಚಾಲೂ ಮಾಡಬೇಡಿ! ನೀವು ಮದುವೆಗೆ ಹೊರಟಿರಿ, ಮಣ್ಣಿಗೆ ಹೊರಟಿರಿ, ಕೋರ್ಟಿಗೆ ಹೊರಟಿರಿ, ಅತ್ತೆಗೆ ಅದು ಸಂಬಂಧವಿಲ್ಲ. ನೀವು ಚಾವಿ ತಿರುವಿದ ತಕ್ಷಣ ಕಿವಿಯ ಮೇಲಿನ ಸೆರಗು ಸರಿಸಿ, ಕಣ್ಣು ಮುಚ್ಚಿ, ಟ್ರಾಫಿಕ್ ಪೊಲೀಸನಂತೆ ಒಂದು ಕೈ ಮೇಲೆತ್ತುತ್ತಾಳೆ.

"ಬಂದ್ ಮಾಡ್ರಿ. ಇನ್ನೊಮ್ಮಿ ಹೊಡಿರಿ ನೋಡೂಣು."

"ಯಾಕ್ರಿ ಯವ್ವಾ, ಚಾಲೂ ಆಗ್ಯದಲ್ಲ?"

"ಇವತ್ತು ಆಗ್ಯದ. ನಾ ಕೇಳಾಕತ್ತಿದ್ದು ನಾಳಿಂದು."

ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಮಾನ್ವಿಯಲ್ಲಿ ಅವಳದೂ ಮಾವನದೂ ಒಂದು ಟೆಂಟ್ ಹೌಸ್ ಇದೆ. ಮದುವೆ, ತೊಟ್ಟಿಲು, ತಿಥಿ, ಏನೇ ಇರಲಿ, ಶಾಮಿಯಾನ, ಕುರ್ಚಿ, ಹಂಡೆ, ಕೊಪ್ಪರಿಗೆಗಳನ್ನು ಬಾಡಿಗೆಗೆ ಕೊಡುತ್ತಾರೆ. ಇವನ್ನೆಲ್ಲ ಹೊರಲು ಒಂದು ಹಳೆಯ ಡೀಸೆಲ್ ಪಿಕಪ್ ಗಾಡಿ. ಹಳೆಯದು ಎಂದರೆ ಎಷ್ಟು ಹಳೆಯದು ಎಂದು ಕೇಳಬೇಡಿ. ಅದರ ಮೂಲ ಬಣ್ಣ ಯಾವುದಿತ್ತು ಎನ್ನುವ ಬಗ್ಗೆ ನಮ್ಮ ಮನೆತನದಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ. ಈ ಗಾಡಿ ಒಮ್ಮೆ ಚಾಲೂ ಆದರೆ ಹೈದರಾಬಾದಿನವರೆಗೂ ಓಡುತ್ತದೆ. ತೊಂದರೆ ಇರುವುದು ಆ 'ಒಮ್ಮೆ'ಯಲ್ಲಿ. ಮಾವ ಗಾಡಿ ಓಡಿಸುತ್ತಾರೆ, ಅತ್ತೆ ಪಕ್ಕದ ಸೀಟಿನಲ್ಲಿ ಕೂತು ಅದರ ರೋಗ ಹುಡುಕುತ್ತಾಳೆ.

ನಿಜವಾದ ತಮಾಷೆ ಏನೆಂದರೆ ಅತ್ತೆಗೆ ಗಾಡಿ ಓಡಿಸಲು ಬರುವುದಿಲ್ಲ! ಪಿಕಪ್ ಬಿಡಿ, ಸೈಕಲ್ಲೂ ಬರುವುದಿಲ್ಲ. ಒಮ್ಮೆ ಧೈರ್ಯ ಮಾಡಿ ಕೇಳಿದೆ: "ಅತ್ತಿ, ಓಡಸಾಕ ಬರದವ್ರಿಗಿ ಅದರ ಜಡ್ಡು ಹ್ಯಾಂಗ ಗೊತ್ತಾಗ್ತದ?"

ನಾನು ರಾಯಚೂರಿನ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುತ್ತೇನೆ, ತರ್ಕದಲ್ಲಿ ನನ್ನನ್ನು ಸೋಲಿಸುವುದು ಸುಲಭವಲ್ಲ ಎಂದು ತಿಳಿದಿದ್ದೆ. ಅತ್ತೆ ಎಲೆಯಡಿಕೆ ಒಂದು ದವಡೆಯಿಂದ ಇನ್ನೊಂದು ದವಡೆಗೆ ದಾಟಿಸಿ ಹೇಳಿದಳು: "ಓಡಸಾವ್ರು ಮುಂದ ನೋಡಬೇಕು, ಹಿಂದ ನೋಡಬೇಕು, ಎಮ್ಮಿ ನೋಡಬೇಕು, ಪೊಲೀಸರ್‍ನ ನೋಡಬೇಕು. ನನಗ ಬರೇ ಕೇಳೂದೊಂದ ಕೆಲಸ. ಮದಿವಿ ಆದಾಗಿಂದ ಅದ ಮಾಡಾಕತ್ತೀನಿ."

ಪಕ್ಕದಲ್ಲಿದ್ದ ಮಾವ ಏನೂ ಅನ್ನಲಿಲ್ಲ. ಮಾವ ಯಾವತ್ತೂ ಏನೂ ಅನ್ನುವುದಿಲ್ಲ. ಗಾಡಿಯೂ ಅತ್ತೆಯೂ ಸೇರಿ ಮಾಡುವ ಸದ್ದಿನ ನಡುವೆ ಮೂರನೆಯದಕ್ಕೆ ಜಾಗವೆಲ್ಲಿದೆ?

ಅತ್ತೆಯ ವಿದ್ಯೆಯ ರುಚಿಯನ್ನು ನಾನು ಮೊದಲು ಕಂಡದ್ದು ಬಸ್ಸಿನಲ್ಲಿ. ಕುರ್ಡಿಯ ನೆಂಟರ ಮನೆಗೆ ಹೊರಟಿದ್ದೆವು. ಮಾನ್ವಿ ಬಸ್ ಸ್ಟ್ಯಾಂಡಿನಲ್ಲಿ ಡ್ರೈವರ್ ಬಸ್ಸು ಚಾಲೂ ಮಾಡಿದ. ಅತ್ತೆ ಮಹಿಳೆಯರ ಸೀಟಿನಿಂದ ಎದ್ದು, ಜನರನ್ನು ಸರಿಸಿಕೊಂಡು, ಸೀದಾ ಡ್ರೈವರನ ಬಳಿ ಹೋದಳು.

"ತಮ್ಮಾ, ಬ್ಯಾಟರಿ ಇಳದದ. ಕುರ್ಡಿ ಮುಟ್ಟುತನ ಬಂದ್ ಮಾಡಬ್ಯಾಡ."

ಡ್ರೈವರ್ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀ ಟಿಕೀಟ್ ತಗೊಂಡೀಯೇನಬೇ?"

"ತಗೊಂಡೀನಿ."

"ಹಂಗಾರ ಹೋಗಿ ಕುಂದ್ರು."

ಅತ್ತೆ ಬಂದು ಕೂತಳು. ಮುಖದಲ್ಲಿ ಸಿಟ್ಟಿಲ್ಲ, ಬೇಸರವಿಲ್ಲ. ಮಳೆ ಬಂದೇ ಬರುತ್ತದೆ ಎಂದು ಗೊತ್ತಿದ್ದವರು ಕೊಡೆ ಹಿಡಿದು ಕೂರುವ ಹಾಗೆ ಕೂತಿದ್ದಳು. ದಾರಿಯಲ್ಲಿ ಚಹಾದಂಗಡಿ ಬಂತು. ಡ್ರೈವರ್ ಬಸ್ಸು ಬಂದ್ ಮಾಡಿ ಇಳಿದ. ಚಹಾ ಕುಡಿದು, ಬಾಯಿ ಒರೆಸಿಕೊಂಡು ಬಂದು ಚಾವಿ ತಿರುವಿದ. 'ಗ್ರೂಂ...' ಅಂತ ಒಂದು ನಿಟ್ಟುಸಿರು. ಇನ್ನೊಮ್ಮೆ ತಿರುವಿದ. ಅದೂ ಇಲ್ಲ. ಕಂಡಕ್ಟರ್ ಎಲ್ಲರನ್ನೂ ಇಳಿಸಿದ. ಪಂಚೆ ಎತ್ತಿ ಕಟ್ಟಿದವರು, ಸೀರೆ ಸಿಗಿಸಿದವರು, ಕೋಳಿ ಹಿಡಿದವರು, ಎಲ್ಲರೂ ಸೇರಿ ಬಸ್ಸು ನೂಕಿದೆವು. ಒಳಗೆ ಕೂತವಳು ಅತ್ತೆ ಒಬ್ಬಳೇ!

"ಯವ್ವಾ, ನೀನೂ ಇಳಿಯಬೇ," ಎಂದು ಕಂಡಕ್ಟರ್ ಗೋಗರೆದ.

"ಹೇಳಿದವ್ರು ನೂಕಂಗಿಲ್ಲ. ಕೇಳದವ್ರು ನೂಕ್ತಾರ," ಎಂದಳು ಅತ್ತೆ, ಕಿಟಕಿಯಿಂದ ಹೊರಗೆ ನೋಡುತ್ತ.

ಅವಳ ಪದ್ಧತಿಯನ್ನು ನಾನು ನಿಮಗೆ ಬಿಡಿಸಿ ಹೇಳಬೇಕು, ಯಾಕೆಂದರೆ ಅದರಲ್ಲಿ ನಿಜಕ್ಕೂ ಪದ್ಧತಿ ಇದೆ. ಗಾಡಿ ಚಾಲೂ ಆಗದಿದ್ದರೆ ಮೊದಲು ಎಲ್ಲರೂ ಬಾಯಿ ಮುಚ್ಚಬೇಕು. ಕುರ್ಚಿ ಹೇರುವವರು ಕುರ್ಚಿ ಹಿಡಿದಲ್ಲೇ ನಿಲ್ಲಬೇಕು. ಓಣಿಯ ನಾಯಿ ಬೊಗಳಿದರೆ ಅದಕ್ಕೂ ಬೈಗುಳ. ಆಮೇಲೆ ಮಾವನಿಗೆ ಅಪ್ಪಣೆ: "ಹೊಡಿರಿ." ಮಾವ ಚಾವಿ ತಿರುವುತ್ತಾರೆ. ಬರೀ 'ಟಕ್' ಅಂದು ಸುಮ್ಮನಾದರೆ ಕರೆಂಟಿನ ದೋಷ. ಬ್ಯಾಟರಿ ಇಳಿದಿರಬೇಕು, ಇಲ್ಲವೆ ವೈರು ಸಡಿಲಾಗಿರಬೇಕು. 'ಗುರ್ ಗುರ್ ಗುರ್' ಅಂತ ಗಟ್ಟಿಯಾಗಿ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಡೀಸೆಲ್ ಮುಟ್ಟುತ್ತಿಲ್ಲ. ಏನೂ ಸದ್ದಿಲ್ಲದಿದ್ದರೆ? "ಏನೂ ಸದ್ದಿಲ್ಲಂದ್ರ ನಿಮ್ಮ ಮಾವ ಚಾವಿ ತಿರುವಿಲ್ಲ ಅಂತ ಅರ್ಥ," ಎನ್ನುತ್ತಾಳೆ.

'ಟಕ್' ಅಂದಾಗ ಅವಳ ಮೊದಲ ಮದ್ದು ಬಿಸಿನೀರು. ಬ್ಯಾಟರಿಯ ಟರ್ಮಿನಲ್, ಅಂದರೆ ವೈರು ಕಚ್ಚಿಸುವ ಆ ಮೊಳೆಯಂಥ ತುದಿ, ಅದರ ಮೇಲೆ ಬಿಳಿ ಬೂಷ್ಟಿನಂಥದ್ದು ಕೂತಿರುತ್ತದೆ. ವೈರು ಬಿಚ್ಚಿ ಬಿಸಿನೀರು ಸುರಿದು ಉಜ್ಜಿದರೆ ಕರೆಂಟು ಹರಿಯುತ್ತದೆ. ಇದು ಸರಿಯಾದ ಮದ್ದೇ. ಆದರೆ ಒಂದು ಬೆಳಿಗ್ಗೆ ಅವಸರದಲ್ಲಿ ಅತ್ತೆ ಒಲೆಯ ಮೇಲಿದ್ದ ಕೆಟಲಿಯನ್ನು ತಂದು ಸುರಿದುಬಿಟ್ಟಳು. ಅದರಲ್ಲಿ ಇದ್ದದ್ದು ಮಾವನ ಚಹಾ! ಸಕ್ಕರೆ ಜಾಸ್ತಿ ಹಾಕಿದ್ದು, ಏಲಕ್ಕಿ ಜಜ್ಜಿದ್ದು. ಗಾಡಿ ಚಾಲೂ ಆಯಿತು, ಅದು ಬೇರೆ ಮಾತು. ಆದರೆ ಒಂದು ವಾರ ಬಾನೆಟ್ ಎತ್ತಿದಾಗಲೆಲ್ಲ ಮಾನ್ವಿಯ ಅರ್ಧ ಇರುವೆಗಳು ಅಲ್ಲಿ ಜಾತ್ರೆ ನೆರೆದಿರುತ್ತಿದ್ದವು. ಮಾವ ಖಾಲಿ ಕಪ್ಪು ಹಿಡಿದು ಆ ಇರುವೆಗಳನ್ನು ನೋಡುತ್ತಿದ್ದ ನೋಟ ನನಗಿನ್ನೂ ನೆನಪಿದೆ.

ಇಷ್ಟೆಲ್ಲ ವಿದ್ಯೆ ಇದ್ದ ಮೇಲೆ ಎದುರಾಳಿ ಇರದಿದ್ದರೆ ಹೇಗೆ? ಇದ್ದರು. ರಸ್ತೆ ಬದಿಯ ಬೇವಿನ ಮರದ ಕೆಳಗೆ ಗ್ಯಾರೇಜು ನಡೆಸುತ್ತಿದ್ದ ಉಸ್ತಾದರು. ಅತ್ತೆಯ ವಯಸ್ಸಿನವರೇ. ಅತ್ತೆ ಕಿವಿಯಿಂದ ರೋಗ ಹಿಡಿದರೆ ಉಸ್ತಾದರು ಕೈಯಿಂದ ಹಿಡಿಯುವವರು. ಕೇಳುವುದರಲ್ಲಿ ಅವರಿಗೆ ನಂಬಿಕೆಯೇ ಇರಲಿಲ್ಲ. "ಬಿಚ್ಚಿ ನೋಡಬೇಕು ಅಕ್ಕಾ, ಬಿಚ್ಚಿ!" ಎಂಬುದು ಅವರ ಸಿದ್ಧಾಂತ. "ಬಿಚ್ಚಿದ್ದು ತಿರುಗಿ ಕೂಡಸಾಕ ಬರಬೇಕಲ್ಲ ಉಸ್ತಾದ್," ಎಂಬುದು ಅತ್ತೆಯ ಉತ್ತರ. ವರ್ಷಗಟ್ಟಲೆ ಈ ಜಗಳ ನಡೆಯಿತು. ಗಾಡಿಗೆ ಏನೂ ಆಗದಿದ್ದ ದಿನಗಳಲ್ಲೂ ಅತ್ತೆ ಸಂತೆಗೆ ಹೋಗುವಾಗ ಬೇವಿನ ಮರದ ಕೆಳಗಿನ ದಾರಿಯನ್ನೇ ಹಿಡಿಯುತ್ತಿದ್ದಳು. ಒಂದು ಮಾತು ಎಸೆದು, ಒಂದು ಮಾತು ಹೊತ್ತುಕೊಂಡು ಬರುತ್ತಿದ್ದಳು.

ಒಂದು ಸಲ ಚೀಕಲಪರ್ವಿಗೆ ಪಾತ್ರೆ ಮುಟ್ಟಿಸಬೇಕಿತ್ತು. ಅಲ್ಲಿ ಯಾರದೋ ಮನೆಯಲ್ಲಿ ತೊಟ್ಟಿಲ ಕಾರ್ಯ. ಪಾತ್ರೆ ಹೇರಿ ಆಗಿದೆ, ಗಾಡಿ ಮುಕ್ಕರಿಯುತ್ತಿದೆ, ಚಾಲೂ ಆಗುತ್ತಿಲ್ಲ. ಹೊರೆ ಹೊತ್ತ ಗಾಡಿಯನ್ನೇ ನೂಕಿಸಿಕೊಂಡು ಗ್ಯಾರೇಜಿಗೆ ತಂದರು. ಉಸ್ತಾದರು ಬಾನೆಟ್ಟಿನೊಳಗೆ ಕೈ ಹಾಕಿ ಹೇಳಿದರು, "ಅಕ್ಕಾ, ಸೆಲ್ಫ್ ಹೋಗ್ಯದ." ಇಂಜಿನನ್ನು ಮೊದಲು ತಿರುಗಿಸುವ ಆ ಪುಟ್ಟ ಮೋಟರಿಗೆ ನಮ್ಮಲ್ಲಿ ಸೆಲ್ಫ್ ಎನ್ನುತ್ತಾರೆ.

"ಸೆಲ್ಫ್ ಗಟ್ಟಿ ಅದ. ಬ್ಯಾಟರಿ ಹೋಗ್ಯದ," ಎಂದಳು ಅತ್ತೆ.

"ಇಲ್ಲಕ್ಕಾ, ಸೆಲ್ಫ್."

"ನಿಮ್ಮ ಸೆಲ್ಫ್ ಹೋಗಿರಬೇಕ್ರಿ ಉಸ್ತಾದ್. ಗಾಡಿದು ಛಲೋ ಅದ!"

ಪಂದ್ಯ ಶುರುವಾಯಿತು. ಅತ್ತೆಯ ಹಟಕ್ಕೆ ಬೇರೆ ಬ್ಯಾಟರಿ ತಂದು ಹಚ್ಚಿದರು. ಚಾಲೂ ಆಗಲಿಲ್ಲ. ಉಸ್ತಾದರು ಮೀಸೆ ತಿರುವಿದರು. ಅದನ್ನು ತೆಗೆದು ಹಳೆಯ ಬ್ಯಾಟರಿಯನ್ನೇ ಹಚ್ಚಿ, ಬೇರೆ ಸೆಲ್ಫ್ ಕೂರಿಸಿದರು. ಆಗಲೂ ಚಾಲೂ ಆಗಲಿಲ್ಲ! ಅತ್ತೆ ಸೆರಗು ಸಿಗಿಸಿದಳು. ಕೊನೆಗೆ ನೋಡಿದರೆ ಎರಡೂ ಹೋಗಿದ್ದವು. ಇಬ್ಬರೂ ಗೆದ್ದಿದ್ದರು, ಗಾಡಿಯೊಂದೇ ಸೋತಿತ್ತು. ನಾನು ಗೆದ್ದೆ, ನಾನು ಗೆದ್ದೆ ಎಂದು ಇಬ್ಬರೂ ಬೇವಿನ ಮರ ಅದುರುವಂತೆ ಕೂಗಾಡುತ್ತಿದ್ದಾಗ, ಮಾವ ಯಾವಾಗ ಟ್ರ್ಯಾಕ್ಟರ್ ಕರೆತಂದು, ಪಾತ್ರೆಗಳನ್ನು ಇಳಿಸಿ ಹೇರಿಸಿ, ಚೀಕಲಪರ್ವಿಗೆ ಮುಟ್ಟಿಸಿ, ಊಟ ಮಾಡಿಕೊಂಡು ಬಂದರೋ ಯಾರಿಗೂ ಗೊತ್ತಾಗಲಿಲ್ಲ.

ಅತ್ತೆಯ ಕೀರ್ತಿ ರಾಯಚೂರಿಗೂ ಹಬ್ಬಲು ಕಾರಣ ನಾನೇ. ನಮ್ಮ ಶಾಲೆಯ ಹೆಡ್‌ಮಾಸ್ತರರು ಬಲು ಗಂಭೀರ ಮನುಷ್ಯರು. ನಕ್ಕರೆ ಇನ್‌ಕ್ರಿಮೆಂಟ್ ಕಡಿತವಾಗುತ್ತದೆ ಎಂದು ತಿಳಿದವರಂತೆ ಇರುತ್ತಾರೆ. ಒಂದು ದಿನ ಅವರ ಕಾರು ಶಾಲೆಯ ಅಂಗಳದಲ್ಲಿ ಚಾಲೂ ಆಗದೆ ನಿಂತಿತು. ಸ್ಟಾಫ್ ರೂಮಿಗೆ ಬಂದು ಕೈ ಚೆಲ್ಲಿ ಕೂತರು. ನಾನು ಸುಮ್ಮನಿರಲಾರದೆ ಅತ್ತೆಯ ವಿಷಯ ಹೇಳಿಬಿಟ್ಟೆ. ಫೋನು ಹಚ್ಚಿ ಸ್ಪೀಕರಿಗೆ ಹಾಕಿದೆ. ಆ ಕಡೆಯಿಂದ ಅತ್ತೆಯ ಧ್ವನಿ, ನೂರು ಜನಕ್ಕೆ ಅನ್ನ ಬಡಿಸುವಾಗಿನ ಧ್ವನಿ, ಕೋಣೆಯನ್ನೆಲ್ಲ ತುಂಬಿತು.

"ಸರ್, ಚಾವಿ ತಿರುವಿದ್ರ ಹ್ಯಾಂಗ ಸದ್ದು ಮಾಡ್ತದ್ರಿ?"

"ಅದು... ಒಂದು ಥರ ಕಿರಕಿರ ಅನ್ನುತ್ತದೆ ತಾಯಿ."

"ಕಿರಕಿರ ಅಂದ್ರ ನನಗೇನ್ ತಿಳಿತದ್ರಿ? ಬಾಯಿಲೆ ಮಾಡಿ ತೋರಸ್ರಿ."

ಹೆಡ್‌ಮಾಸ್ತರರು ನಮ್ಮ ಮುಖ ನೋಡಿದರು. ನಾವೆಲ್ಲ ಉತ್ತರ ಪತ್ರಿಕೆಗಳಲ್ಲಿ ಮುಖ ಹುದುಗಿಸಿದೆವು. ಅವರು ಗಂಟಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ, "ಕಿರ್... ಕಿರ್..." ಎಂದರು.

"ಹಿಂಗಲ್ರಿ ಸರ್! ನೀವು ನಾಚಿಕೊಂಡು ಮಾಡಾಕತ್ತೀರಿ. ಗಾಡಿ ನಾಚಿಕೊಳ್ಳಂಗಿಲ್ಲ. ಮನಸ್ಸು ಬಿಚ್ಚಿ ಮಾಡ್ರಿ."

ಇಪ್ಪತ್ತು ವರ್ಷದ ಗಾಂಭೀರ್ಯ ಆವತ್ತು ಕುಸಿಯಿತು. ಹೆಡ್‌ಮಾಸ್ತರರು ಎರಡೂ ಕಣ್ಣು ಮುಚ್ಚಿ, ಮೇಜನ್ನು ಗಟ್ಟಿಯಾಗಿ ಹಿಡಿದು, "ಕಿರ್ರ್ ಕಿರ್ರ್ ಕಿರ್ರ್ ಕಿರ್ರ್... ಕ್ರೀಂಯ್ಯ್!" ಎಂದು ಕೂಗಿದರು. ಕಿಟಕಿಯಲ್ಲಿ ಎಂಟನೇ ತರಗತಿ ಪೂರ್ತಿ ಹಾಜರಾಗಿತ್ತು.

"ಈಗ ತಿಳೀತು," ಎಂದಳು ಅತ್ತೆ. "ಡಿಸೇಲ್ ಮುಟ್ಟವಲ್ದು."

"ಆದರೆ ತಾಯಿ, ನನ್ನದು ಪೆಟ್ರೋಲ್ ಗಾಡಿ."

ಅತ್ತೆ ಸೋತಳು ಎಂದುಕೊಂಡೆ. ಅತ್ತೆ ಸೋಲುವುದೇ? "ಅದನ್ನ ಮೊದಲ ಹೇಳಬಾರದೇನ್ರಿ ಸರ್? ಹಂಗಾರ ಇನ್ನೊಮ್ಮಿ ಮಾಡ್ರಿ, ಪೆಟ್ರೋಲಿನ್ಯಾಗ!"

ಹೆಡ್‌ಮಾಸ್ತರರು ಮತ್ತೊಮ್ಮೆ ಮಾಡಿದರು ಎಂದರೆ ನೀವು ನಂಬುವುದಿಲ್ಲ. ಆದರೆ ಮಾಡಿದರು.

ಇನ್ನು ದೇವದುರ್ಗದ ಮದುವೆಯ ಕಥೆ. ಇದನ್ನು ನಮ್ಮ ಅತ್ತೆ ಹೇಳುವ ರೀತಿ ಬೇರೆ, ನಡೆದದ್ದು ಬೇರೆ. ನಾನು ಗಾಡಿಯಲ್ಲೇ ಇದ್ದೆ, ಆದ್ದರಿಂದ ನಡೆದದ್ದನ್ನು ಹೇಳುತ್ತೇನೆ.

ಮದುವೆ ಹೆಣ್ಣಿನ ಊರಿನಲ್ಲಿ, ದೇವದುರ್ಗದಲ್ಲಿ. ಪಾತ್ರೆಗಳೆಲ್ಲ ನಮ್ಮ ಗಾಡಿಯಲ್ಲಿ. ನಾವು ಹೋಗಿ ಮುಟ್ಟಿದರೆ ಅಲ್ಲಿ ಒಲೆಯ ಮೇಲೆ ಅನ್ನ ಏರಬೇಕು. ದಾರಿಯಲ್ಲಿ ಒಂದು ಕಡೆ ಚಹಾಕ್ಕೆ ನಿಲ್ಲಿಸಿದೆವು. ಕುಡಿದು ಬಂದು ಮಾವ ಚಾವಿ ತಿರುವಿದರೆ 'ಗುರ್ ಗುರ್ ಗುರ್', ಹೊತ್ತಿಕೊಳ್ಳುತ್ತಿಲ್ಲ. ಅತ್ತೆ ಕೈ ಎತ್ತಿದಳು.

"ಎಲ್ಲಾರೂ ಸುಮ್ಮಿರ್‍ರಿ! ಡಿಸೇಲ್ ಮುಟ್ಟವಲ್ದು. ಪೈಪಿನ್ಯಾಗ ಗಾಳಿ ಹೊಕ್ಕದ."

ಮಾವ ಏನೋ ಹೇಳಲು ಬಾಯಿ ತೆರೆದರು. "ನೀವೂ ಸುಮ್ಮಿರ್‍ರಿ," ಎಂದಳು. ಗಾಳಿ ತೆಗೆಯುವ ಕೆಲಸ ಶುರುವಾಯಿತು. ಫಿಲ್ಟರಿನ ಮೇಲಿನ ಪುಟ್ಟ ಪಂಪನ್ನು ಒತ್ತಿ ಒತ್ತಿ ನನ್ನ ಹೆಬ್ಬೆರಳು ಹಪ್ಪಳವಾಯಿತು. ಮಾವ ಮತ್ತೆ ಬಾಯಿ ತೆರೆದರು. ಮತ್ತೆ "ಸುಮ್ಮಿರ್‍ರಿ!" ಅಷ್ಟರಲ್ಲಿ ಹಿಂದಿನಿಂದ ಗಂಡಿನ ಕಡೆಯವರ ದಿಬ್ಬಣದ ಗಾಡಿಗಳು ಬಂದವು. ಅಡುಗೆಯ ಪಾತ್ರೆ ರಸ್ತೆಯಲ್ಲೇ ನಿಂತಿದೆ ಎಂದು ತಿಳಿದದ್ದೇ ತಡ, ಎಲ್ಲರೂ ಇಳಿದರು. ಮದುಮಗನೂ ಇಳಿದ! ತಲೆಗೆ ರುಮಾಲು, ಹಣೆಗೆ ಬಾಸಿಂಗ, ಕೈಯಲ್ಲಿ ಕಂಕಣ. ಅವನ ತಾಯಿ, "ಏ ಬ್ಯಾಡಪ್ಪಾ, ಅರಿಷಿಣ ಹಚ್ಚಿದ ಮೈ," ಎಂದು ಕೂಗುತ್ತಿದ್ದಳು. ಅವನು ಕೇಳಲಿಲ್ಲ. ಹಸಿವೋ ಆತುರವೋ ಶಿವನೇ ಬಲ್ಲ, ಗಾಡಿಗೆ ಹೆಗಲು ಕೊಟ್ಟ. ಪಾತ್ರೆಗಳ ಗಲಗಲ, ಬಾಜಾದವರ ಡೋಲು, "ನೂಕ್ರೋ!" ಎಂಬ ಕೂಗು. ಗಾಡಿ ಉರುಳಿತು, ಕೆಮ್ಮಿತು, ಚಾಲೂ ಆಗಲಿಲ್ಲ.

ಎಲ್ಲರೂ ಏದುಸಿರು ಬಿಡುತ್ತ ನಿಂತಾಗ ಮಾವ ಸೀಟಿನ ಕೆಳಗೆ ಕೈ ಹಾಕಿದರು. 'ಚಿಟಿಕ್' ಎಂದಿತು. ಚಾವಿ ತಿರುವಿದರು. ಗಾಡಿ ಹೊಸದರ ಹಾಗೆ ಚಾಲೂ ಆಯಿತು!

ನಡೆದದ್ದಿಷ್ಟೆ. ಹಿಂದಿನ ವಾರ ಉಸ್ತಾದರು ಕಳ್ಳರ ಕಾಟಕ್ಕೆಂದು ಮಾವನ ಗಾಡಿಗೆ ಒಂದು ಗುಪ್ತ ಸ್ವಿಚ್ಚು ಹಾಕಿಕೊಟ್ಟಿದ್ದರು. ಅದನ್ನು ಒತ್ತಿದರೆ ಡೀಸೆಲ್ ನಿಲ್ಲುತ್ತದೆ. ಕಳ್ಳ ಎಷ್ಟು ತಿಣುಕಿದರೂ ಗಾಡಿ ಚಾಲೂ ಆಗುವುದಿಲ್ಲ. ಚಹಾಕ್ಕೆ ಇಳಿಯುವಾಗ ಮಾವ ಅದನ್ನು ಒತ್ತಿದ್ದರು, ಹತ್ತುವಾಗ ಮರೆತಿದ್ದರು.

"ಮೊದಲ ಯಾಕ ಹೇಳಲಿಲ್ರಿ?" ಎಂದು ಅತ್ತೆ ಕಣ್ಣು ಕೆಂಪಗೆ ಮಾಡಿದಳು.

"ಎಲ್ಲಿ ಹೇಳಾಕ ಬಿಟ್ಟಿ?" ಎಂದರು ಮಾವ. ಆ ವರ್ಷ ಅವರು ಆಡಿದ ಅತಿ ಉದ್ದದ ಮಾತು ಅದೇ ಇರಬೇಕು.

ಆದರೆ ಅತ್ತೆ ಬಿಟ್ಟಾಳೆಯೇ? "ಡಿಸೇಲ್ ಮುಟ್ಟವಲ್ದು ಅಂದಿದ್ದೆ. ಮುಟ್ಟಿತ್ತೇನು? ಇಲ್ಲ. ಯಾಕ ಮುಟ್ಟವಲ್ದು ಅನ್ನೂದು ಬ್ಯಾರೆ ಪ್ರಶ್ನಿ!" ಗಣಿತ ಕಲಿಸುವ ನಾನು ಇದಕ್ಕೆ ಉತ್ತರ ಹುಡುಕುತ್ತಲೇ ಇದ್ದೇನೆ. ಅತ್ತ ದೇವದುರ್ಗದಲ್ಲಿ ಸುದ್ದಿ ಬೇರೆಯೇ ರೂಪದಲ್ಲಿ ಮುಟ್ಟಿತ್ತು. ಅಳಿಯ ಮುಟ್ಟಿದ ಕೂಡಲೇ ಸತ್ತ ಗಾಡಿ ಎದ್ದಿತಂತೆ! ಹೆಣ್ಣಿನ ಅಜ್ಜಿ ಅವನ ತೋಳು ಮುಟ್ಟಿ ನೋಡಿ, "ಕೈಗುಣ ಛಲೋ ಅದ," ಎಂದು ದೃಷ್ಟಿ ತೆಗೆದಳು.

ಮಾನ್ವಿಗೆ ಮರಳಿದ ಅತ್ತೆ ಮನೆಗೆ ಹೋಗಲಿಲ್ಲ, ಸೀದಾ ಬೇವಿನ ಮರಕ್ಕೆ ಹೋದಳು. "ಕಳ್ಳರಿಗಿ ಹಾಕಿದ ಸ್ವಿಚ್ಚು ನನಗ ಯಾಕ ಹತ್ತಿತ್ರಿ ಉಸ್ತಾದ್?"

ಉಸ್ತಾದರು ಕೈಯ ಗ್ರೀಸು ಒರೆಸುತ್ತ ನಕ್ಕರು. "ಅರೇ ಅಕ್ಕಾ, ನಿಮಗ ಸಿಗದ್ದು ಕಳ್ಳಗ ಸಿಗತದೇನು? ಸ್ವಿಚ್ಚು ಪಾಸ್!"

ಅತ್ತೆಗೆ ಅದು ಬೈಗುಳವೋ ಹೊಗಳಿಕೆಯೋ ತಿಳಿಯಲಿಲ್ಲ. ಮನೆಗೆ ಬಂದ ಮೇಲೆ ಬಹಳ ಹೊತ್ತು ಯೋಚಿಸಿ, ಹೊಗಳಿಕೆ ಎಂದು ಇಟ್ಟುಕೊಂಡಳು.

ಹೋದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಉಸ್ತಾದರಿಗೆ ಲಕ್ವಾ ಹೊಡೆಯಿತು. ಗ್ಯಾರೇಜಿನಲ್ಲೇ, ಒಂದು ಗಾಡಿಯ ಕೆಳಗಿನಿಂದ ಎದ್ದು ಬರುವಾಗ ಬಿದ್ದರಂತೆ. ರಾಯಚೂರಿನ ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಮನೆಗೆ ಕಳಿಸುವಾಗ ಡಾಕ್ಟರರು, ಮಾತು ಬರಬಹುದು, ಆದರೆ ಅವರೇ ಮನಸ್ಸು ಮಾಡಿ ಆಡಬೇಕು, ಸುಮ್ಮನೆ ಬಿಟ್ಟರೆ ಇರುವುದೂ ಹೋಗುತ್ತದೆ ಎಂದಿದ್ದರಂತೆ. ಉಸ್ತಾದರು ಮನಸ್ಸು ಮಾಡಲಿಲ್ಲ. ಓಣಿಯ ಕಡೆಗಿನ ಬಾಗಿಲಲ್ಲಿ ಹಾಕಿದ ಹೊರಸಿನ ಮೇಲೆ ಗೋಡೆಯ ಕಡೆಗೆ ಮುಖ ಮಾಡಿ ಮಲಗಿಬಿಟ್ಟರು. ಬಂದವರು, "ಆರಾಮ ಆಗ್ತೀರಿ ಉಸ್ತಾದ್," ಎನ್ನುತ್ತಿದ್ದರು. ಅವರು ಕಣ್ಣು ಮುಚ್ಚುತ್ತಿದ್ದರು.

ದಸರೆ ರಜೆಗೆ ನಾನು ಮಾನ್ವಿಗೆ ಹೋಗಿದ್ದೆ. ಅತ್ತೆ ಆಗಷ್ಟೇ ಉಸ್ತಾದರನ್ನು ನೋಡಿ ಬಂದಿದ್ದಳು. ಏನಾಗಿದೆ, ಹೇಗಿದ್ದಾರೆ ಎಂದು ನಾನು ಕೇಳಿದೆ. ಗೊತ್ತಿಲ್ಲದ ರೋಗಕ್ಕೂ ಹೆಸರಿಡುವ ನನ್ನ ಅತ್ತೆ ಅಡುಗೆಮನೆಗೆ ಹೋಗಿ ಸುಮ್ಮನೆ ಬೇಳೆ ಆರಿಸುತ್ತ ಕೂತಳು. ನನಗೆ ಅದನ್ನು ನೋಡಲು ಆಗಲಿಲ್ಲ.

ಮರುದಿನ ಬೆಳಿಗ್ಗೆ, "ಗಾಡಿ ತಗೀರಿ," ಎಂದಳು. ಮಾವ ಚಾವಿ ತಿರುವಿದರು. ಎಂದೂ ಇಲ್ಲದ ಹಾಗೆ ಒಂದೇ ಏಟಿಗೆ ಚಾಲೂ ಆಯಿತು. ಉಸ್ತಾದರ ಓಣಿಗೆ ನಡೆಯಿರಿ ಎಂದಳು. ಆ ಓಣಿಯಲ್ಲಿ ಪಿಕಪ್ ಹಿಡಿಯುವುದೇ ಕಷ್ಟ. ಹೇಗೋ ತೂರಿಸಿ, ಅವರ ಹೊರಸಿನ ಮುಂದೆಯೇ ನಿಲ್ಲಿಸಿ ಬಂದ್ ಮಾಡಿಸಿದಳು. ಇಳಿದು, "ಯಾಕೋ ಬಿಸಿ ಆಗ್ಯದ," ಎನ್ನುತ್ತ ಬಾನೆಟ್ ಎತ್ತಿದಳು. ನಾನು ಅವಳ ಪಕ್ಕದಲ್ಲೇ ನಿಂತಿದ್ದೆ. ಎತ್ತಿದ ಬಾನೆಟ್ಟಿನ ಮರೆಯಲ್ಲಿ, ಸೆರಗಿನೊಳಗಿಂದ ನಟ್ಟು ಬಿಚ್ಚುವ ಒಂದು ಪಾನಾ ಹೊರಬಂತು. ಬ್ಯಾಟರಿಯ ಟರ್ಮಿನಲ್ಲಿನ ನಟ್ಟನ್ನು ಅತ್ತೆ ಸಡಿಲ ಮಾಡಿ, ವೈರನ್ನು ತುಸು ಎತ್ತಿ ಇಟ್ಟಳು. ನಾನು ಬಾಯಿ ತೆರೆದೆ. ಅವಳು ನನ್ನ ಕಾಲು ತುಳಿದಳು.

"ಹೊಡಿರಿ!"

'ಟಕ್.'

ಮಾವನಿಗೆ ನಿಜಕ್ಕೂ ಗಾಬರಿ. "ಈಗ ಛಲೋ ಇತ್ತಲ್ಲ?"

"ಇನ್ನೊಮ್ಮಿ."

'ಟಕ್.'

ಅತ್ತೆ ಸೊಂಟದ ಮೇಲೆ ಕೈ ಇಟ್ಟು, ಓಣಿಗೆಲ್ಲ ಕೇಳುವಂತೆ ಹೇಳಿದಳು, "ಡಿಸೇಲ್ ಪಂಪ್ ಹೋಗ್ಯದ! ಪೂರಾ ಇಂಜಿನ್ ಬಿಚ್ಚಬೇಕು!"

'ಟಕ್' ಅಂದದ್ದಕ್ಕೆ ಡೀಸೆಲ್ ಪಂಪು! ಅವಳ ಬಾಯಿಂದ ಇಂಥ ಮಾತನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹೊರಸಿನ ಮೇಲೆ ಉಸ್ತಾದರ ತಲೆ ಗೋಡೆಯಿಂದ ಈ ಕಡೆ ತಿರುಗಿತು.

"ರಾಯಚೂರಿಗೆ ಒಯ್ಯಬೇಕು. ಇಲ್ಲಿ ಯಾರಿಗಿ ಬರ್ತದ ಈ ಕೆಲಸ?" ಅತ್ತೆ ಇನ್ನೂ ಜೋರಾಗಿ ಹೇಳಿದಳು.

ಉಸ್ತಾದರ ಎಡಗೈ ಮೇಲೆದ್ದು, ಬೇಡ ಬೇಡ ಎನ್ನುವಂತೆ ಅಲ್ಲಾಡಿತು. ಅತ್ತೆ ನೋಡದವಳಂತೆ ನಿಂತಿದ್ದಳು. ಕೈ ಹೊರಸಿನ ಕಟ್ಟಿಗೆಯನ್ನು ಬಡಿಯಿತು. ಗಂಟಲಿನಿಂದ ಏನೋ ಹೊರಟಿತು: "ಟ... ಟ..."

"ಏನ್ರಿ? ಟಯರಾ? ಟಯರ್ ಪಂಚರ್ ಆದ್ರ ಗಾಡಿ ಚಾಲೂ ಆಗಂಗಿಲ್ಲೇನ್ರಿ ಉಸ್ತಾದ್?"

ಉಸ್ತಾದರ ಮುಖ ಕೆಂಪಾಯಿತು. ಎಡ ಮೊಣಕೈ ಊರಿ ಅರ್ಧ ಎದ್ದರು. ಬಾಗಿಲಲ್ಲಿ ಅವರ ಹೆಂಡತಿ ಬಂದು ನಿಂತಿದ್ದರು, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

"ಟರ್... ಟರ್ಮಿ... ನಲ್!" ತುಟಿ ಒಂದು ಕಡೆಗೆ ಎಳೆಯುತ್ತಿತ್ತು, ಎಂಜಲು ಸುರಿಯುತ್ತಿತ್ತು, ಆದರೂ ನಿಲ್ಲಲಿಲ್ಲ. "ಬ್ಯಾ... ಬ್ಯಾಟ್ರಿ! ಪಾಗಲ್!"

ಕೊನೆಯ ಪದ ಮಾತ್ರ ಸ್ವಚ್ಛವಾಗಿ ಬಂತು.

ಅತ್ತೆ ಬಾನೆಟ್ಟಿನೊಳಗೆ ಬಗ್ಗಿದಳು. ಒಂದು ಸುಲಭದ ನಟ್ಟು ಬಿಗಿಯಲು ಅವಳಿಗೆ ಬಹಳ ಹೊತ್ತು ಹಿಡಿಯಿತು. ಎದ್ದಾಗ ಮುಖವನ್ನು ಸೆರಗಿನಿಂದ ಒರೆಸಿಕೊಂಡಿದ್ದಳು. "ಹೊಡಿರಿ," ಎಂದಳು. ಗಾಡಿ ಚಾಲೂ ಆಯಿತು. ಅತ್ತೆ ಹೊರಸಿನ ಹತ್ತಿರ ಹೋಗಿ, ಓಣಿಯವರೆಲ್ಲ ನೋಡುತ್ತಿರುವಂತೆ ಹೇಳಿದಳು, "ನೀವು ಹೇಳಿದ್ದ ಖರೆ ಉಸ್ತಾದ್. ನಂದು ತಪ್ಪಾತು."

ಉಸ್ತಾದರು ಎಡಗೈಯಿಂದ ಮೀಸೆ ಮುಟ್ಟಿಕೊಂಡರು.

ಗಾಡಿ ಓಣಿ ದಾಟಿ ಮನೆಯ ದಾರಿ ಹಿಡಿಯಿತು. ಆಮೇಲೆ ಅತ್ತೆ ಮುಂದಿನ ರಸ್ತೆ ನೋಡುತ್ತ ಹೇಳಿದಳು, "ಎಲ್ಲಾರೂ ಹೋಗಿ ಆರಾಮ ಆಗ್ತೀರಿ ಅಂತಾರ. ಅದಕ್ಕ ಪಾಪ ಏನ್ ಜವಾಬು ಕೊಡ್ತಾರ? ಜಗಳಕ್ಕಾದ್ರ ಮಾತು ಬೇಕು." ಇನ್ನೂ ಸ್ವಲ್ಪ ದೂರ ಹೋದ ಮೇಲೆ ಮಾವನ ಕಡೆ ತಿರುಗಿದಳು. "ನಾಳಿಗಿ ಅರ್ಥಿಂಗ್ ವೈರ್ ಸಡಲ ಮಾಡೂಣ್ರಿ. ಅದು ಎರಡು ಮಾತು ಆಗ್ತದ."

ಮಾವ ಗೇರು ಬದಲಿಸಿದರು. ಎದುರು ಬಂದ ಎಮ್ಮೆಗೆ ದಾರಿ ಬಿಟ್ಟರು.

"ಫಿಲ್ಟರಿನ್ಯಾಗ ನೀರು ಕುಂತದ ಅನ್ನೂದು ಮೂರು ಮಾತು," ಎಂದರು. "ಅದನ್ನ ದೀಪಾವಳಿಗಿ ಇಟ್ಕೊಳ್ಳೂಣು."